ಘಾಟು ಬಂತು, ವಾಸನೆ ಬರಲಿಲ್ಲ

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ನನ್ನ ಖೋಲಿಯ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಓದುವ ಗೋಜಿಗೆ ಊರಿನವರು ಯಾರೂ ಹೋಗಿರಲಿಲ್ಲ. ಹೊಸಬರು ಕೇಳಿದರೆ, "ಪುಗ್ಗಾ ಡಾಕ್ಟರ್ ಏನ್ರಿ? ಹಿಟ್ಟಿನ ಗಿರಣಿ ಬಾಜೂಕ ನೋಡ್ರಿ" ಎಂದು ಕೈ ತೋರಿಸುತ್ತಿದ್ದರು. ನಾನು ಡಾಕ್ಟರ್ ಅಲ್ಲ. ಬೆನ್ನು, ಸೊಂಟ, ಕುತ್ತಿಗೆಯ ಎಲುಬುಗಳನ್ನು ಕೈಯಿಂದಲೇ ಹದಕ್ಕೆ ತರುವ ಕೈರೋಪ್ರಾಕ್ಟಿಕ್ ವಿದ್ಯೆಯನ್ನು, ಪರದೇಶದಲ್ಲಿ ಓದಿ ಬಂದಿದ್ದ ಮುಂಬೈಯ ಗುರುಗಳೊಬ್ಬರ ಕೈಕೆಳಗೆ ಕಲಿತವನು. ಕಬ್ಬಿನ ಹೊರೆ ಹೊತ್ತು ಸೊಂಟ ಹಿಡಿದವರು, ಬಸ್ ಓಡಿಸಿ ಕುತ್ತಿಗೆ ಬಿಗಿದವರು ನನ್ನ ಗಿರಾಕಿಗಳು. ಹೊಟ್ಟೆ ತುಂಬಿಸುತ್ತಿದ್ದವರು ಅವರೇ, ಹೆಸರು ತಂದದ್ದು ಮಾತ್ರ ಪುಗ್ಗೆ.

ಪುಗ್ಗೆ ಎಂದರೆ ಬಲೂನು, ಇಷ್ಟೇ. ಡಾಕ್ಟರರು ಒಂದೇ ಬೆರಳಿಗೆ ಹಾಕಿಕೊಳ್ಳುವ ತೆಳ್ಳನೆಯ ರಬ್ಬರ್ ಚೀಲ ಇರುತ್ತದಲ್ಲ, ಅದನ್ನು ರಕ್ತದೊತ್ತಡ ನೋಡುವ ಯಂತ್ರದ ರಬ್ಬರ್ ಗುಂಡಿನ ನಳಿಗೆಗೆ ನೂಲಿನಿಂದ ಬಿಗಿದು ಕಟ್ಟುವುದು. ಚೀಲವನ್ನು ನೀರಿನಲ್ಲಿ ಅದ್ದಿ, ತುದಿ ಮೊಂಡಾದ ಕಡ್ಡಿಯಿಂದ ಮೂಗಿನ ಹೊಳ್ಳೆಯೊಳಗೆ ಮೆಲ್ಲಗೆ ಸೇರಿಸುವುದು. ರೋಗಿ ಉಸಿರು ಬಿಗಿಹಿಡಿದಿರಬೇಕು. ಆಗ ಗುಂಡನ್ನು ಚಟ್ಟನೆ ಹಿಚುಕಿ ಬಿಟ್ಟರೆ ಪುಗ್ಗೆ ಒಳಗೆ ಉಬ್ಬಿ, ಗಂಟಲ ಕಡೆಗೆ ಜಾರಿ, ಅಷ್ಟರಲ್ಲೇ ಇಳಿದುಬಿಡುತ್ತದೆ. ಮೂಗಿನೊಳಗೆ ಕೆಳಗಿನದು, ನಡುವಿನದು, ಮೇಲಿನದು ಎಂದು ಬೇರೆ ಬೇರೆ ದಾರಿಗಳಿವೆ. ಒಂದೊಂದನ್ನೂ ಬೇರೆಯಾಗಿ ಮಾಡಬೇಕು. ರೋಗಿಯ ಕಣ್ಣಲ್ಲಿ ದಳದಳ ನೀರು ಇಳಿಯುತ್ತದೆ. ಒಮ್ಮೊಮ್ಮೆ ತಲೆಯೊಳಗೆ ಟಕ್ ಎಂದು ಸದ್ದಾಗುತ್ತದೆ.

ಆ ಸದ್ದು ತಲೆಬುರುಡೆಯ ಎಲುಬುಗಳು ತಮ್ಮ ಜಾಗಕ್ಕೆ ಕೂರುವ ಸದ್ದು, ಅದರಿಂದ ತಲೆನೋವಿನಿಂದ ಹಿಡಿದು ನಿದ್ದೆಯವರೆಗೆ ಎಲ್ಲವೂ ಸರಿಹೋಗುತ್ತದೆ ಎಂದು ಗುರುಗಳು ಹೇಳುತ್ತಿದ್ದರು. ನನಗೆ ಅಷ್ಟು ದೂರ ಹೋಗುವ ಧೈರ್ಯ ಇರಲಿಲ್ಲ. ಕಟ್ಟಿದ ಮೂಗು ಕೆಲವರಿಗೆ ತೆರೆಯುತ್ತಿತ್ತು, ಕೆಲವರಿಗೆ ಇಲ್ಲ. ತೆರೆದದ್ದು ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಹಾಗೆ ಹೇಳುವ ಮನುಷ್ಯನ ಮೇಲೆ ಜನರಿಗೆ ಇನ್ನೂ ಹೆಚ್ಚು ನಂಬಿಕೆ ಬರುತ್ತದೆ ಎಂಬುದು ಆ ಕೆಲಸದ ಶಾಪ.

ತೊಂಬತ್ತರ ದಶಕದ ಆರಂಭದ ಒಂದು ವರ್ಷ, ಸಂಕ್ರಾಂತಿ ಮುಗಿದ ಮೇಲೆ, ನಿಪ್ಪಾಣಿಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಗಂಡನದು ಬಿಳಿ ಧೋತರ, ಕರಿ ಟೋಪಿ, ಮೂಗಿನ ಮೇಲೆ ಒಂದು ಕಡೆ ಸೊಟ್ಟ ಗೆರೆ. ಊರಿಗೆಲ್ಲ ಕಾಕಾ ಎಂದೇ ಪರಿಚಿತರಾದ ಆ ಹಿರಿಯರು ಜೈನ ತಂಬಾಕು ವ್ಯಾಪಾರಿಗಳ ಮನೆಯವರು. ಅಂಗಡಿಯ ಗಾದಿಯ ಮೇಲೆ ಕೂರುವವರು ಅವರ ಅಣ್ಣ, ಎಲ್ಲರ ಬಾಯಲ್ಲೂ ದಾದಾ. ಕಾಕಾ ಮಾತ್ರ ಪಾರಖಿ, ಅಂದರೆ ತಂಬಾಕು ಮೂಸಿ ಗುಣ ಹೇಳುವವರು. ಚೀಲದ ಹೊಟ್ಟೆಯೊಳಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು ತಿಕ್ಕಿ ಮೂಸಿದರೆ, ಅದು ನದಿ ದಂಡೆಯ ಎರೆಹೊಲದ್ದೋ ಗುಡ್ಡದ ಕೆಂಪುಮಣ್ಣಿನ ಮಸಾರಿಯದ್ದೋ, ಒಣಗಲು ಹಾಕಿದಾಗ ಇಬ್ಬನಿ ಬಿದ್ದಿತ್ತೋ ಇಲ್ಲವೋ ಎಲ್ಲ ಹೇಳುತ್ತಿದ್ದರಂತೆ. ಇದನ್ನು ಹೇಳಿದವರು ಅವರ ಹೆಂಡತಿ ಕಾಕೂ.

"ಹ್ವಾದ ವರ್ಸ ಮೋಟಾರ್ ಸೈಕಲ್ ಮ್ಯಾಲಿಂದ ಬಿದ್ರರಿ. ಮುಂದ ಕಬ್ಬಿನ ಟ್ರೇಲರ್ ನಿಂತಿತ್ತು, ಹಿಂದ ದೀಪ ಇರಲಿಲ್ಲ. ಮಾರಿ ಕಲ್ಲಿಗೆ ಬಡೀತು. ಆವಾಗಿಂದ ವಾಸನಿ ಅಂಬೂದ ಇಲ್ರಿ ಇವರಿಗೆ" ಎಂದರು ಕಾಕೂ.

ಕಾಕಾ ಆಗ ಬಾಯಿ ತೆರೆದರು. "ಊಟದಾಗ ಏನ್ ಉಳದೈತಿ ಅಂದ್ರ, ಬಿಸಿ ಐತಿ, ತಂಪ ಐತಿ, ಖಾರ ಐತಿ, ಉಪ್ಪ ಐತಿ. ಹೋಳಿಗಿ ತಿಂದ್ರೂ ಸಿಹಿ ನೀರಾಗ ಅದ್ದಿದ ಅರಿವಿ ತುಂಡು ಅಗದ್ಹಂಗ ಆಗ್ತೈತ್ರಿ."

ಮಿರಜದ ದೊಡ್ಡ ಡಾಕ್ಟರರು ತೆಗೆಸಿದ ಎಕ್ಸ್‌ರೇ ತಂದಿದ್ದರು. ಬುರುಡೆ ಒಡೆದಿರಲಿಲ್ಲ. ಮೂಗಿನ ಎಲುಬು ಸೊಟ್ಟ ಕೂಡಿ ಎಡಗಡೆಯ ದಾರಿ ಬಹುತೇಕ ಮುಚ್ಚಿತ್ತು. ಡಾಕ್ಟರರು ಹೇಳಿದ್ದನ್ನು ಕಾಕೂ ಚಾಚೂ ತಪ್ಪದೆ ಒಪ್ಪಿಸಿದರು. ವಾಸನೆಯ ನರದ ಸಣ್ಣ ಎಳೆಗಳು ಮೂಗಿನ ಮೇಲ್ಛಾವಣಿಯ ತೂತುಗಳಿಂದ ಮಿದುಳಿಗೆ ಹೋಗುತ್ತವೆ, ಪೆಟ್ಟು ಬಿದ್ದಾಗ ಅವು ಕಡಿದಿರಬೇಕು, ಒಂದು ವರ್ಷದೊಳಗೆ ಬಂದರೆ ಬಂತು, ಇಲ್ಲದಿದ್ದರೆ ಆಸೆ ಬಿಡಬೇಕು. ವರ್ಷ ದಾಟಿತ್ತು.

ಮೂಗಿನಿಂದ ತಿಳಿನೀರು ಹನಿಯುತ್ತದೆಯೇ, ಬಗ್ಗಿದರೆ ಏನಾದರೂ ಸೋರುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದೆ. ಹಾಗೆ ಸೋರಿದರೆ ಅದು ಮಿದುಳಿನ ಸುತ್ತಲ ನೀರಿರಬಹುದು, ಅಂಥವರ ಮೂಗಿಗೆ ನಾನು ಕೈ ಹಚ್ಚುತ್ತಿರಲಿಲ್ಲ. ಏನೂ ಇರಲಿಲ್ಲ. ಆಮೇಲೆ ಸ್ಪಷ್ಟವಾಗಿ ಹೇಳಿದೆ. "ಕಾಕಾ, ಎಡಗಡೆ ಉಸುರು ಆಡೂಹಂಗ ನೋಡಬಹುದು. ವಾಸನಿ ನನ್ನ ಕೈಯಾಗಿಲ್ಲ. ಅದರ ಆಸೆಗೆ ಬಂದಿದ್ರ ಬ್ಯಾಡ."

"ನೀವು ದಾರಿ ತಗೀರಿ ಸಾಹೇಬ್ರ. ವಾಸನಿ ತಾನ ಬರ್ತೈತಿ" ಎಂದರು ಕಾಕಾ. ನಾನು ಹೇಳಿದ್ದು ಅವರ ಕಿವಿಯವರೆಗೂ ಹೋಗಿರಲಿಲ್ಲ.

ದಿನಾ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಬರತೊಡಗಿದರು. ಮೊದಲು ಕುತ್ತಿಗೆಯ ಬಿಗಿತ ಸಡಿಲಿಸುತ್ತಿದ್ದೆ, ಆಮೇಲೆ ಕಣ್ಣಿನ ಗುಳಿಗಳ ಸುತ್ತ, ಹುಬ್ಬಿನ ನಡುವೆ ಬೆರಳಿನಿಂದ ಒತ್ತಿ, ಕೊನೆಗೆ ಪುಗ್ಗೆ. ಬಲಗಡೆ ಸಲೀಸಾಗಿ ಹೋಯಿತು. ಎಡಗಡೆ ಕಡ್ಡಿಯ ತುದಿಯೇ ಒಳಗೆ ಹೋಗಲೊಲ್ಲದು. ಬಿಗಿಯಾದ ಜಾಗದಲ್ಲಿ ಪುಗ್ಗೆಗೆ ಹಿಂದಕ್ಕೆ ಜಾರಲು ಎಡೆಯಿಲ್ಲದೆ ಹೊಳ್ಳೆಯಿಂದ ಹೊರಗೇ ಉಬ್ಬಿ, ಕಪ್ಪೆಯ ಗಂಟಲಿನ ಹಾಗೆ ನನ್ನ ಕೈಯಲ್ಲೇ ಕುಣಿಯುತ್ತಿತ್ತು. ಕಾಕೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಒಂದು ದಿನ ಒಳಗೇ ಒಡೆದು ರಕ್ತ ಬಂತು. ಹತ್ತಿ ಇಟ್ಟು, ತಲೆ ಮುಂದಕ್ಕೆ ಬಗ್ಗಿಸಿ ಕೂರಿಸಿ, ರಕ್ತ ನಿಂತ ಮೇಲೆ ಒಂದು ವಾರ ಬರಬೇಡಿ ಎಂದು ಕಳಿಸಿದೆ. ಇನ್ನು ಬರಲಿಕ್ಕಿಲ್ಲ ಎಂದುಕೊಂಡು ಒಳಗೊಳಗೇ ಹಗುರಾದೆ. ವಾರ ಕಳೆದದ್ದೇ ತಡ, ಬೆಳಗಿನ ಬಸ್ಸಿಗೆ ಹಾಜರು.

ಆ ರಬ್ಬರ್ ಚೀಲಗಳೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಕೊಲ್ಹಾಪುರದಿಂದ ತರಿಸುತ್ತಿದ್ದೆ. ಈ ಸಲ ಬಂದವು ದಪ್ಪ, ಒರಟು. ಅವನ್ನು ಬದಿಗಿಟ್ಟು, ತೆಳ್ಳನೆಯವು ಸಿಗುವವರೆಗೆ ಕಾದೆ. ನಡುನಡುವೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿದೆ. ಕಾಕೂ ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಹೊತ್ತು ಹೊತ್ತಿಗೆ ಕೊಡುತ್ತಿದ್ದರು.

ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ, ಒಂದು ಮುಂಜಾನೆ, ಎಡಗಡೆಯ ನಡುದಾರಿಯಲ್ಲಿ ಪುಗ್ಗೆ ಜಾರಿತು. ಟಕ್ ಎಂದ ಸದ್ದು ಎದುರು ಕೂತಿದ್ದ ನನಗೂ ಕೇಳಿಸಿತು. ಕಾಕಾ ಎದೆ ಹಿಡಿದುಕೊಂಡು ಕೂತರು. ಕಣ್ಣಿನ ನೀರು ಒರೆಸಿಕೊಂಡು, ಬಲಹೊಳ್ಳೆ ಒತ್ತಿ ಹಿಡಿದು, ಎಡಗಡೆಯಿಂದ ಉಸಿರೆಳೆದರು. ಗಾಳಿ ತಡೆಯಿಲ್ಲದೆ ಹೋಯಿತು. ನನಗೆ ಆದ ಸಂತೋಷವನ್ನು ಏಕೆ ಮುಚ್ಚಿಡಲಿ, ಎದ್ದು ಅವರ ಬೆನ್ನು ಚಪ್ಪರಿಸಿದೆ.

ಆಗ ಅವರು ಅಂಗಿಯ ಜೇಬಿಗೆ ಕೈ ಹಾಕಿದರು. ಸಣ್ಣ ಪೊಟ್ಟಣ. ಅದರೊಳಗೆ ತಂಬಾಕಿನ ಪುಡಿ. ನಾನು ಬೇಡ ಎನ್ನುವಷ್ಟರಲ್ಲಿ ಚಿಟಿಕೆ ಎತ್ತಿ ಎಡಹೊಳ್ಳೆಗೆ ಹಿಡಿದು ಜೋರಾಗಿ ಎಳೆದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮುಖ ಕೆಂಪಾಗಿ, ಕಣ್ಣು ತುಂಬಿ, ಗೋಡೆ ನಡುಗುವ ಹಾಗೆ ಸೀನಿದರು. ಸೀನಿದರು, ಮತ್ತೆ ಸೀನಿದರು.

"ಬಂತು!" ಎಂದರು. "ಏ ಇಕಿನ, ಬಂತಲೇ! ನೆತ್ತಿಗೆ ಹತ್ತಿತು!"

ಕಾಕೂ ಅಳುತ್ತ ನನ್ನ ಕಾಲಿಗೆ ಬೀಳಲು ಬಂದರು. ನಾನು ಕುರ್ಚಿಯ ಹಿಂದೆ ಸರಿದೆ.

ಬಂದದ್ದು ವಾಸನೆಯಲ್ಲ, ಘಾಟು. ಮೂಗಿನೊಳಗೆ ಎರಡು ಬೇರೆ ಬೇರೆ ನರಗಳ ಕೆಲಸವಿದೆ. ಮಲ್ಲಿಗೆ ಮಲ್ಲಿಗೆಯೇ ಎಂದು ಹೇಳುವುದು ಒಂದು. ಒಣಮೆಣಸಿನಕಾಯಿ ಹುರಿದಾಗ, ನವಸಾಗರ ಮೂಸಿದಾಗ ಚುರ್ ಎಂದು ಕಣ್ಣಲ್ಲಿ ನೀರು ತರಿಸುವುದು ಇನ್ನೊಂದು. ಈ ಎರಡನೆಯದು ಮುಖದ ಉರಿ, ನೋವು ತಿಳಿಸುವ ನರ, ಅದಕ್ಕೆ ಏನೂ ಆಗಿರಲಿಲ್ಲ. ಎಡಗಡೆ ಮುಚ್ಚಿದ್ದಾಗ ಪುಡಿ ಅಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ, ಬಲಗಡೆ ಹತ್ತುತ್ತಿದ್ದ ಅಲ್ಪಸ್ವಲ್ಪವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ, ಈಗ ಪೂರ್ತಿ ಮುಟ್ಟಿತು. ಬೇರೆ ಊರಿನವರಾಗಿದ್ದರೆ ಹೂವನ್ನೋ ತುಪ್ಪವನ್ನೋ ಮೂಸಿ ನೋಡುತ್ತಿದ್ದರು, ಆಗ ಅಲ್ಲೇ ತಿಳಿಯುತ್ತಿತ್ತು. ನಿಪ್ಪಾಣಿಯವರಿಗೆ ಮೂಗು ಎಂದರೆ ತಂಬಾಕು. ಆ ಊರಿನಲ್ಲಿ ಮೂಗು ಪರೀಕ್ಷೆ ಮಾಡಲು ಬೇರೆ ವಸ್ತು ಯಾರಿಗೂ ಹೊಳೆಯುವುದೇ ಇಲ್ಲ.

ಇದನ್ನೆಲ್ಲ ನಾನು ಆಗಲೇ ಹೇಳಿದೆ. ಅವರು ಪೇಢೆ ತರಲು ಎದ್ದು ಹೋಗಿದ್ದರು.

ಮರುದಿನ ಮನೆಯಿಂದ ಕಾಫಿಪುಡಿ, ಇಂಗು, ಮಲ್ಲಿಗೆ ಹೂವು, ಗಂಧದ ಚೂರು ತಂದು ಒಂದೊಂದನ್ನೂ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೆ. ಕಾಕಾರ ಕಣ್ಣಿಗೆ ಕರವಸ್ತ್ರ ಕಟ್ಟಿ, ಡಬ್ಬಿ ಮೂಗಿನ ಕೆಳಗೆ ಹಿಡಿದೆ. ಮೊದಲನೆಯದಕ್ಕೆ ಅವರು ನಗುತ್ತ, "ಇದು ಊದಬತ್ತಿ" ಎಂದರು. ಅದು ಕಾಫಿ. ಇಂಗಿಗೆ "ಏನೋ ಹೂವ್ರಿ" ಎಂದರು. ಮಲ್ಲಿಗೆಗೂ ಗಂಧಕ್ಕೂ ತಲೆ ಅಲ್ಲಾಡಿಸಿದರು. ಏನೂ ಇಲ್ಲದ ಬರಿ ಡಬ್ಬಿ ಹಿಡಿದಾಗ ಬಹಳ ಹೊತ್ತು ಉಸಿರೆಳೆದು, "ಇಂಗು" ಎಂದರು.

ಕರವಸ್ತ್ರ ಬಿಚ್ಚಿದೆ. ಅವರು ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ಮುಖದಲ್ಲಿ ನಗು ಇನ್ನೂ ಇತ್ತು, ಹೊರಡಲು ದಾರಿ ಸಿಗದ ನೆಂಟನ ಹಾಗೆ.

"ಇಂಗು ಹಳೇದಿರಬೇಕ್ರಿ" ಎಂದರು.

"ಕಾಕಾ, ನಿಮಗ ಘಾಟು ಹತ್ತತೈತಿ. ವಾಸನಿ ಇಲ್ಲ."

"ತಂಬಾಕಿಗೆ ಘಾಟ ವಾಸನಿ."

"ಹಂಗಲ್ರಿ. ನಿಮಗ ಗೊತ್ತೈತಿ ಹಂಗಲ್ಲ ಅಂತ."

ಕಾಕೂ ಬಾಗಿಲ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದುದು ಕೇಳುತ್ತಿತ್ತು. ಕಾಕಾ ದನಿ ತಗ್ಗಿಸಿದರು. "ಮನ್ಯಾಗ ಹೇಳಬ್ಯಾಡ್ರಿ. ದಾದಾಗಂತೂ ಬ್ಯಾಡ. ಯುಗಾದಿ ಪಾಡ್ಯಾ ದಿವ್ಸ ಖರೀದಿ ಸುರು ಆಗ್ತೈತಿ. ಅಷ್ಟೊತ್ತಿಗೆ ಬಂದರೂ ಬರಬಹುದು. ಇನ್ನ ನಾಕ ಸಲ ಪುಗ್ಗಾ ಹಾಕ್ರಿ."

ಹಾಕಿದೆ. ಉಸಿರಿನ ದಾರಿ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ ಎಂಬುದು ನಿಜವೇ. ಮುಂಬೈಯ ಗುರುಗಳಿಗೆ ಟ್ರಂಕ್ ಕಾಲ್ ಮಾಡಿ ಕೇಳಿದೆ. "ಮುಂದುವರಿಸು, ಬುರುಡೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ನರಗಳಿಗೂ ಜೀವ ಬರುತ್ತದೆ" ಎಂದರು. ಕಡಿದ ನರ ಗಾಳಿಯಿಂದ ಹೇಗೆ ಕೂಡುತ್ತದೆ ಎಂದು ಕೇಳಿದೆ. ಲೈನು ಕೆಟ್ಟಿತು, ಅಥವಾ ಅವರೇ ಇಟ್ಟರು. ಆ ಮೇಲಿನ ದಿನಗಳಲ್ಲಿ ಎಡಹೊಳ್ಳೆಯ ಒಳಪದರ ಕೆಂಪಗೆ ಊದಿಕೊಳ್ಳತೊಡಗಿತು. ಇನ್ನು ಸಾಕು, ಮಾಡಿದರೆ ತೆರೆದ ದಾರಿಯೂ ಮುಚ್ಚುತ್ತದೆ ಎಂದು ನಿಲ್ಲಿಸಿದೆ. ಕಾಕಾ ಜಗಳವಾಡಲಿಲ್ಲ. ಟೋಪಿ ಸರಿಮಾಡಿಕೊಂಡು ಎದ್ದು ಹೋದರು.

ಅಷ್ಟರಲ್ಲಿ ನಿಪ್ಪಾಣಿಯಲ್ಲಿ ಸುದ್ದಿ ಬೇರೆಯೇ ಆಗಿತ್ತು. ಕಾಕಾರ ಮೂಗು ಬಂತು. ಪುಗ್ಗಾ ಡಾಕ್ಟರ್ ತಂದುಕೊಟ್ಟ. ನನ್ನ ಖೋಲಿಯ ಮುಂದೆ ಸೊಂಟನೋವಿನವರಿಗಿಂತ ಮೂಗಿನವರೇ ಹೆಚ್ಚಾದರು. ಐಗಳಿಯಿಂದ, ಕಾಗವಾಡದಿಂದ ಬಂದರು. ಹುಟ್ಟಿನಿಂದ ವಾಸನೆ ತಿಳಿಯದ ಹುಡುಗಿಯೊಬ್ಬಳನ್ನು ತಾಯಿ ಕರೆದುಕೊಂಡು ಬಂದಳು. ಇದು ನನ್ನಿಂದ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. "ಕಾಕಾಗ ಮಾಡೀರಲ್ರಿ, ನಮಗ ಯಾಕ ಇಲ್ಲ? ನಾವು ದೊಡ್ಡವ್ರಲ್ಲ ಅಂತೇನ್ರಿ?" ಎಂದು ಆ ತಾಯಿ ಕೇಳಿದಾಗ ನನಗೆ ಕೋಪವೂ ಬಂತು, ಅಳುವೂ ಬಂತು.

ಪಾಡ್ಯ ಹತ್ತಿರವಾದಾಗ ದಾದಾ ಸ್ವತಃ ಜೀಪಿನಲ್ಲಿ ಬಂದರು. ಎತ್ತರದ ಆಳು, ಮಾತು ಕಡಿಮೆ. ಕುಂಕುಮ ಹಚ್ಚಿದ ತೆಂಗಿನಕಾಯಿ ಮೇಜಿನ ಮೇಲಿಟ್ಟು, "ಪಾಡ್ಯಾಕ್ಕ ಬರಬೇಕ್ರಿ. ನಿಮ್ಮ ಸತ್ಕಾರ ಐತಿ" ಎಂದರು.

"ದಾದಾ, ಉಸುರು ಬಂದೈತಿ ಅಷ್ಟ. ವಾಸನಿ ವಿಚಾರ..."

"ದೊಡ್ಡವ್ರು ಹಿಂಗ ಅಂತಾರ್ರಿ, ತಾವು ಮಾಡಿದ್ದು ಏನೂ ಇಲ್ಲ ಅಂತ."

"ಇಲ್ರಿ, ಖರೆ ಹೇಳಾಕತ್ತೀನಿ, ನೀವು ಒಮ್ಮೆ ಪರೀಕ್ಷಾ ಮಾಡ್ರಿ."

ದಾದಾ ನನ್ನನ್ನು ನೋಡಿದರು. "ನನ್ನ ತಮ್ಮನ್ನ ನಾ ಪರೀಕ್ಷಾ ಮಾಡ್ಲಿ?" ಎಂದಷ್ಟೇ ಕೇಳಿದರು. ಅವರು ಜೀಪಿಗೆ ಹೋದ ಮೇಲೆ, ಅದರಲ್ಲೇ ಕೂತಿದ್ದ ಕಾಕೂ ಒಂದು ನೆವ ಮಾಡಿಕೊಂಡು ಒಳಗೆ ಬಂದರು. ಆ ಹೆಂಗಸಿನ ಮುಖದಲ್ಲಿ ಪೇಢೆಯ ದಿನದ ಸಂತೋಷ ಇರಲಿಲ್ಲ.

"ನಿನ್ನೆ ಒಲಿ ಮ್ಯಾಲ ಹಾಲು ಸೀದು ಕರಕಾತ್ರಿ. ಅವರು ಅಲ್ಲೇ ಕುಂತಿದ್ರು" ಎಂದರು. "ನಾ ಏನೂ ಅನ್ನಲಿಲ್ಲ. ಪಾತೇಲಿ ಹಿತ್ತಲಿಗಿ ಒಯ್ದು ತಿಕ್ಕಿದೆ. ಸಾಹೇಬ್ರ, ಪಾರಖಿ ಅಂಬೂದು ಹೋದ್ರ ಇವ್ರು ಅಂಗಡ್ಯಾಗ ಏನ್ ಅಂತ ಕುಂದರಬೇಕ್ರಿ?"

ಸತ್ಕಾರಕ್ಕೆ ಹೋಗಬಾರದು ಎಂದು ನಿರ್ಧರಿಸಿದ್ದೆ. ಪಾಡ್ಯದ ದಿನ ಬೆಳಗ್ಗೆ ದಾದಾರ ಜೀಪು ಬಾಗಿಲಿಗೇ ಬಂದು ನಿಂತಿತು.

ಅಂಗಡಿಯ ಹಿಂದೆ ಉದ್ದನೆಯ ಗೋದಾಮು. ಕಾಲಿಟ್ಟದ್ದೇ ನನಗೆ ಸೀನು. ತಂಬಾಕು ಜರಡಿ ಹಿಡಿಯುವ ಹೆಂಗಸರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಒಂದು ಬದಿಗೆ ಸರಿದು ನಿಂತಿದ್ದರು. ನನ್ನನ್ನು ಗಾದಿಯ ಮೇಲೆ ಕೂರಿಸಿ, ತಲೆಗೆ ಕೇಸರಿ ಫೇಟಾ ಸುತ್ತಿ, ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ವಾಸಿ ಮಾಡದ ಮೂಗಿಗಾಗಿ ಫೇಟಾ ಕಟ್ಟಿಸಿಕೊಂಡು ಕೂತ ಮನುಷ್ಯ ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಾಕಾ ನನ್ನ ಪಕ್ಕದಲ್ಲೇ ಕೂತರು, ನನ್ನ ಕಡೆ ನೋಡಲಿಲ್ಲ.

ಆ ಅಂಗಡಿಯ ಪದ್ಧತಿ ಏನೆಂದು ಜೀಪಿನ ಡ್ರೈವರ್ ದಾರಿಯಲ್ಲಿ ಹೇಳಿದ್ದ. ಹೊಸ ಮಾಲಿನ ಮೊದಲ ಚೀಲಗಳನ್ನು ಪಾರಖಿಯ ಮುಂದೆ ಬಿಚ್ಚುತ್ತಾರೆ. ಪಾರಖಿ ಮೂಸಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಅವರು ಮೂಸಿದ ಮೇಲೆ ಆ ಚೀಲದ ತಂಬಾಕನ್ನು ಬೇರೆ ಯಾರೂ ಮೂಗಿನ ಹತ್ತಿರ ಒಯ್ಯುವುದಿಲ್ಲ. ಅಂಗಡಿಯ ಮಾಲೀಕನೂ ಇಲ್ಲ, ಮಾಲು ತಂದ ರೈತನೂ ಇಲ್ಲ. ಹಾಗೆ ಮಾಡಿದರೆ ಪಾರಖಿಯ ಮುಖಕ್ಕೆ ಹೊಡೆದ ಹಾಗೆ.

ಮೊದಲ ಚೀಲ ಬಿಚ್ಚಿದರು. ಕಾಕಾ ಕೈಯನ್ನು ಆಳಕ್ಕೆ ಇಳಿಸಿ ಚಿಟಿಕೆ ತೆಗೆದರು. ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ತಿಕ್ಕಿ ಜಿಗುಟು ನೋಡಿದರು, ಆಮೇಲೆ ಮೂಗಿಗೆ ಹಿಡಿದರು. "ನದಿ ದಂಡಿದು. ಎರಡು ಉಳುಮಿ ಹೆಚ್ಚ ಆಗೈತಿ" ಎಂದರು. ತಂದ ರೈತ, "ಹೌದ್ರಿ ಕಾಕಾ, ಖರೇನ" ಎಂದು ಕೈಮುಗಿದ. ಜನ ಹೋ ಎಂದರು. ಎರಡನೆಯದೂ ಸರಿಹೋಯಿತು. ನಲವತ್ತು ವರ್ಷ ತಂಬಾಕಿನಲ್ಲಿ ಕೈಯಾಡಿಸಿದವರು, ಕಣ್ಣು ಬೆರಳುಗಳಿಂದಲೇ ಅಷ್ಟು ಹೇಳಬಲ್ಲರು ಎಂದು ತಿಳಿದು ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಹೀಗೇ ನಡೆದುಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮುಂದಿನ ಚೀಲ ದೊಡ್ಡ ರೈತನೊಬ್ಬನದು. ಅವನ ಮಾಲು ಹೊರಗೆ ಗಾಡಿಗಳಲ್ಲಿ ಸಾಲಾಗಿ ನಿಂತಿತ್ತು. ಚೀಲದ ಬಾಯಿ ನನ್ನ ಮೊಣಕಾಲಿನ ಹತ್ತಿರವೇ ತೆರೆಯಿತು. ಘಾಟಿನ ಅಡಿಯಲ್ಲಿ ಬೇರೆ ಏನೋ ನನ್ನ ಮೂಗಿಗೆ ಬಂತು. ಮುಗ್ಗಿದ ವಾಸನೆ. ಅಕಾಲದ ಮಳೆಯಲ್ಲಿ ನೆನೆದದ್ದನ್ನು ಬಿಸಿಲಿಗೆ ಹಾಕಿ ಒಣಗಿಸಿ ತಂದಿದ್ದರು. ಅಂಥದ್ದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕೈಗೂ ಒಣಗಿರುತ್ತದೆ. ಮೂಗಿಗೆ ಮಾತ್ರ ಸಿಕ್ಕಿಬೀಳುತ್ತದೆ. ಗೋದಾಮಿಗೆ ಸೇರಿಸಿದರೆ ಮಳೆಗಾಲದಲ್ಲಿ ಬೂಷ್ಟು ಎದ್ದು, ಕಾವು ಏರಿ, ಪಕ್ಕದ ಚೀಲಗಳನ್ನೂ ಹಿಡಿಯುತ್ತದೆ. ಇದನ್ನೂ ನನಗೆ ಕಾಕಾರೇ ಹಿಂದೊಮ್ಮೆ, ನನ್ನ ಖೋಲಿಯಲ್ಲಿ ರಕ್ತ ನಿಲ್ಲುವುದನ್ನು ಕಾಯುತ್ತ, ಹೇಳಿದ್ದರು.

ಕಾಕಾ ಬೆಳಕಿಗೆ ಹಿಡಿದರು, ತಿಕ್ಕಿದರು, ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು. "ಉಮದಾ ಮಾಲು, ಒಳಗ ತಗೋರಿ" ಎಂದರು.

ದಾದಾ ತಲೆಯಾಡಿಸಿದರು. ಹಮಾಲರು ಗಾಡಿಗಳ ಕಡೆ ಹೊರಟರು.

ನಾನು ಏನು ಮಾಡಬೇಕಿತ್ತು? ಸುಮ್ಮನೆ ಕೂತರೆ ಇವರ ಗೋದಾಮು ಆಷಾಢದೊಳಗೆ ಕೊಳೆಯುತ್ತದೆ, ಆಗ ಇಡೀ ಊರು ಕಾಕಾರನ್ನು ಆಡಿಕೊಳ್ಳುತ್ತದೆ, ಮೂಗು ಹೋದದ್ದನ್ನು ಮುಚ್ಚಿಟ್ಟು ಅಣ್ಣನನ್ನೇ ಮುಳುಗಿಸಿದ ಎನ್ನುತ್ತದೆ. ಬಾಯಿ ತೆರೆದರೆ ಇಲ್ಲೇ, ಈಗಲೇ, ಇಷ್ಟು ಜನರ ಮುಂದೆ. ಕಾಕಾರ ಕಿವಿಯಲ್ಲಿ ಹೇಳೋಣವೆಂದು ಬಗ್ಗಿದೆ. "ಕಾಕಾ, ಇದು ಮುಗ್ಗೈತ್ರಿ" ಎಂದೆ. "ಸುಮ್ಕಿರ್ರಿ" ಎಂದರು, ತುಟಿ ಅಲುಗದ ಹಾಗೆ. ಮೊದಲ ಚೀಲ ಹೊತ್ತ ಹಮಾಲ ಬಾಗಿಲು ದಾಟಿ ಒಳಗೆ ಬಂದ.

ನಾನು ಚೀಲದೊಳಗೆ ಕೈ ಹಾಕಿ, ಒಂದು ಮುಷ್ಟಿ ತೆಗೆದು, ಮೂಗಿಗೆ ಹಿಡಿದೆ.

ಜರಡಿಯ ಹೆಂಗಸೊಬ್ಬಳು "ಅಯ್ಯ" ಎಂದಳು. ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ದಾದಾ ನನ್ನ ಕೈಯನ್ನೂ ತಮ್ಮನ ಮುಖವನ್ನೂ ನೋಡಿದರು. ನಿಧಾನವಾಗಿ ಎದ್ದು ಬಂದು, ಅವರೂ ಒಂದು ಚಿಟಿಕೆ ತೆಗೆದು ಮೂಸಿದರು. ಆಮೇಲೆ ಹಮಾಲನಿಗೆ, "ಹೊರಗ ಇಡು" ಎಂದರು. ಕಾಕಾ ತಮ್ಮ ಅಂಗೈಯಲ್ಲಿ ಉಳಿದಿದ್ದ ತಂಬಾಕನ್ನು ಜತನದಿಂದ ಚೀಲಕ್ಕೆ ಮರಳಿ ಹಾಕಿ, ಕೈ ಝಾಡಿಸಿಕೊಂಡು, ಮನೆಯ ಕಡೆ ನಡೆದುಹೋದರು. ಅವರ ಬೆನ್ನ ಹಿಂದೆ ನಾನು ಫೇಟಾ ಬಿಚ್ಚಿ ಗಾದಿಯ ಮೇಲಿಟ್ಟೆ. ಯಾರೂ ತಡೆಯಲಿಲ್ಲ. ವಾಪಸಾಗಲು ಜೀಪು ಇರಲಿಲ್ಲ, ಬಸ್ಸಿಗೆ ಬಂದೆ.

ಅವತ್ತಿನಿಂದ ಪುಗ್ಗೆ ಹಾಕುವುದನ್ನು ಬಹಳ ಕಡಿಮೆ ಮಾಡಿದೆ. ಕೇಳಿಕೊಂಡು ಬಂದವರಿಗೆ ಡಬ್ಬಿಗಳ ಪರೀಕ್ಷೆ ಮೊದಲು, ಮಾತು ಆಮೇಲೆ. ಹೆಚ್ಚಿನವರನ್ನು ಮಿರಜಕ್ಕೆ ಕಳಿಸಿದೆ. ನಿಪ್ಪಾಣಿಯಿಂದ ಯಾರೂ ಬರಲಿಲ್ಲ.

ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಕಾಕಾ ಒಬ್ಬರೇ ಬಂದರು. ಬೈಯಲು ಬಂದಿರಬೇಕು ಎಂದು ನಾನು ಎದ್ದು ನಿಂತೆ. ಬೈದರೆ ಹಗುರಾಗುತ್ತಿದ್ದೆ ಕೂಡ. ಅವರು ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಪುಗ್ಗಾ ಹಾಕ್ರಿ ಅನ್ನಾಕ ಬಂದಿಲ್ರಿ" ಎಂದರು.

"ಅಂಗಡಿ ಹೆಂಗ ನಡದೈತ್ರಿ ಕಾಕಾ?"

"ನಡದೈತಿ. ಈಗ ಎಲ್ಲಾರೂ ಮೂಸ್ತಾರ. ದಾದಾ ಮೂಸ್ತಾನ, ಗುಮಾಸ್ತ ಮೂಸ್ತಾನ, ಹಮಾಲ ಸುದ್ದಾ ಮೂಸ್ತಾನ. ನನ್ನನ್ನೂ ಗಾದಿ ಮ್ಯಾಲ ಕುಂಡ್ರಸ್ತಾರ. ಚಾ ಕೊಡ್ತಾರ." ಆಮೇಲೆ ಅಂದರು, "ನಿಮ್ಮ ಮ್ಯಾಲ ಸಿಟ್ಟಿಲ್ಲ. ಇತ್ತು, ಹೋತು. ಒಂದ ಮಾತು ಕೇಳಾಕ ಬಂದೀನಿ. ಅವತ್ತ ಆ ಚೀಲದಾಗ ವಾಸನಿ ಹೆಂಗಿತ್ರಿ?"

"ಮುಗ್ಗಿತ್ರಿ ಕಾಕಾ."

"ಮುಗ್ಗಿತ್ತು ಅಂಬೂದು ನನಗೂ ಗೊತ್ತೈತಿ. ಹೆಂಗಿತ್ತು ಹೇಳ್ರಿ. ಬಣ್ಣ ನೆನಪೈತಿ ನನಗ, ಕೈಗೆ ಹತ್ತೂದು ನೆನಪೈತಿ. ವಾಸನಿ ನೆನಪ ಹೋಗಾಕತ್ತೈತ್ರಿ. ಮನ್ಯಾಗ ಯಾರಿಗೆ ಕೇಳ್ಲಿ?"

ನಾನು ಕೂತೆ. ಎಲುಬು, ನರ, ಒಳದಾರಿ ಎಲ್ಲಕ್ಕೂ ನನ್ನ ಬಳಿ ಹೆಸರುಗಳಿದ್ದವು. ಇದಕ್ಕೆ ಹುಡುಕಬೇಕಾಯಿತು. "ಮಳಿಗಾಲದಾಗ ಹಸಿ ಗೋಣಿಚೀಲ ಮಡಚಿ ಮೂಲ್ಯಾಗ ಒಗದು, ಆಮ್ಯಾಲ ಬಿಚ್ಚಿದ್ರ ಬರ್ತೈತಲ್ರಿ, ಹಂಗ" ಎಂದೆ.

ಕಾಕಾ ಕಣ್ಣು ಮುಚ್ಚಿದರು. "ಅದರ ಕೆಳಗ?"

"ಕೆಳಗ ಸ್ವಲ್ಪ ಸಿಹಿ ಇತ್ರಿ. ನೀರು ತಗಲಿದ ಬೆಲ್ಲದ್ಹಂಗ."

ಅವರು ಹೆಬ್ಬೆರಳು ತೋರುಬೆರಳು ಕೂಡಿಸಿ ಮೂಗಿನ ಹತ್ತಿರ ಒಯ್ದರು. ಬೆರಳುಗಳಲ್ಲಿ ಏನೂ ಇರಲಿಲ್ಲ. ಉಸಿರೆಳೆದರು. ಎಡಗಡೆಯೂ ಬಲಗಡೆಯೂ ಗಾಳಿ ತಡೆಯಿಲ್ಲದೆ, ಸದ್ದಿಲ್ಲದೆ, ಪೂರ್ತಿ ಒಳಗೆ ಹೋಯಿತು. ನಾನು ಅವರಿಗೆ ಕೊಟ್ಟದ್ದು ಅಷ್ಟೇ.

"ಮತ್ತ?" ಎಂದರು.

ನನ್ನ ಹತ್ತಿರ ಮತ್ತೇನೂ ಇರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು.